ಮೆಣಸಿನ ಗಿಡದ ಬೇರು ಕೊಳೆ ರೋಗ ಮತ್ತು ಹಿಂಡಿ-ಗೊಬ್ಬರದ ವ್ಯವಹಾರ: ಕೊಳ್ಳೇಗಾಲ ಸೀಮೆಯ ವರ್ತಕರು ಗಮನಿಸಬೇಕಾದ ಕೆಲವು ಸಂಗತಿಗಳು

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲೂಕುಗಳಲ್ಲಿ ಮಳೆಯ ವಾಡಿಕೆ ರಾಜ್ಯದ ಇತರ ಭಾಗಗಳಿಗಿಂತ ಭಿನ್ನವಾದುದು. ಮೇ ತಿಂಗಳಲ್ಲಿ ಒಂದು ಹದ ಸುರಿದು, ನಡುವೆ ಬಿಡುವು ಕೊಟ್ಟು, ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಮತ್ತೆ ಬಿರುಸಾಗುತ್ತದೆ. ಮೆಣಸಿನಕಾಯಿ ಬೆಳೆಗಾರನಿಗೆ ಆತಂಕ ಹುಟ್ಟಿಸುವುದು ಈ ಎರಡನೆಯ ಮಳೆಯೇ. ಕಾಯಿ ಕಟ್ಟಿ ನಿಂತ ಗಿಡವೊಂದು ಬೆಳಗ್ಗೆ ಬಾಡುತ್ತದೆ. ಸಂಜೆಗೆ ಚೇತರಿಸಿಕೊಂಡಂತೆ ಕಾಣುತ್ತದೆ. ಮೂರನೆಯ ದಿನಕ್ಕೆ ಒಣಗುತ್ತದೆ. ನೀರು ಹರಿದ ದಿಕ್ಕಿನಲ್ಲಿಯೇ ಅದರ ಮುಂದಿನ ಗಿಡಗಳೂ ಒಂದೊಂದಾಗಿ ಸಾಯುತ್ತವೆ. ಆ ವೇಳೆಗೆ ಬೀಜ, ಸಸಿ, ಗೊಬ್ಬರ, ಕೂಲಿ ಎಲ್ಲಕ್ಕೂ ಹಣ ಸುರಿದಾಗಿರುತ್ತದೆ.

ಈ ನಷ್ಟ ಹೊಲದ ಬದುವಿನಲ್ಲಿಯೇ ನಿಲ್ಲುವುದಿಲ್ಲ. ಗೊಬ್ಬರ-ಔಷಧಿ ಅಂಗಡಿಯವರು ಕಾಯಿ ಕಿತ್ತ ಮೇಲೆ ಹಣ ಬರುವುದೆಂಬ ನಂಬಿಕೆಯಿಂದ ಉದ್ದರಿ ಕೊಟ್ಟಿರುತ್ತಾರೆ. ಸಸಿ ಬೆಳೆಸಿ ಮಾರುವ ನರ್ಸರಿಯವರು ಬಾಕಿ ಬರೆದುಕೊಂಡಿರುತ್ತಾರೆ. ಮಂಡಿಯವರು ಮುಂಗಡ ನೀಡಿರುತ್ತಾರೆ. ಬೇರು ಕೊಳೆತ ಹೊಲದ ಲೆಕ್ಕ ಕಡೆಗೆ ಇವರೆಲ್ಲರ ಖಾತೆಯಲ್ಲಿ ವಸೂಲಾಗದ ಬಾಕಿಯಾಗಿ ಉಳಿಯುತ್ತದೆ. ಆದುದರಿಂದ ಮೆಣಸಿನ ಬೇರಿನ ಆರೋಗ್ಯ ವರ್ತಕರಿಗೂ ಸಂಬಂಧಪಟ್ಟ ವಿಷಯ. ಅದನ್ನು ಕಾಪಾಡಬಲ್ಲ ಸಾವಯವ ವಸ್ತುಗಳ ಕಚ್ಚಾಮಾಲು ಈ ಸೀಮೆಯಲ್ಲಿಯೇ ದೊರೆಯುವಂಥದು ಎಂಬುದರಿಂದ ಸಣ್ಣ ತಯಾರಕರಿಗೂ ಇದರಲ್ಲಿ ಆಸಕ್ತಿ ಇರಬೇಕು.

ಒಂದೇ ಲಕ್ಷಣ, ಹಲವು ರೋಗ

ಸೊರಗಿದ ಗಿಡವನ್ನೆಲ್ಲ 'ಬೇರು ಹುಳ' ಅಥವಾ 'ಕೊಳೆ' ಎಂದು ಕರೆಯುವುದು ರೂಢಿ. ವಾಸ್ತವವಾಗಿ ಇಲ್ಲಿ ಕನಿಷ್ಠ ನಾಲ್ಕೈದು ಬೇರೆ ಬೇರೆ ಶತ್ರುಗಳಿವೆ. ಮಡಿಯಲ್ಲಿಯೇ ಸಸಿಯ ಕತ್ತು ಮುರಿದು ಬೀಳಿಸುವುದು ಪಿಥಿಯಂ ಮತ್ತು ರೈಜೋಕ್ಟೋನಿಯಾ. ನೀರು ನಿಂತ ಹೊಲದಲ್ಲಿ ಬುಡ ಕಪ್ಪಾಗಿಸಿ ಕೊಲ್ಲುವುದು ಫೈಟಾಫ್ತೊರ ಕ್ಯಾಪ್ಸಿಸಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಮೆಣಸಿನ ಗಿಡದ ಮೇಲೆಯೇ ಗುರುತಿಸಿ 1922ರಲ್ಲಿ ಲಿಯಾನಿಯನ್ ಎಂಬ ವಿಜ್ಞಾನಿ ಇದಕ್ಕೆ ಹೆಸರಿಟ್ಟನು. ನೆಲಮಟ್ಟದ ಕಾಂಡದ ಮೇಲೆ ಬಿಳಿಯ ಹತ್ತಿಯಂಥ ಬೂಸ್ಟು, ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಉಂಡೆಗಳು ಕಂಡರೆ ಅದು ಸ್ಕ್ಲೆರೋಶಿಯಂ ರಾಲ್ಫ್‌ಸಿ. ಕಾಂಡ ಸೀಳಿದಾಗ ಒಳಗಿನ ನಾಳ ಕಂದಾಗಿದ್ದರೆ ಫ್ಯುಸೇರಿಯಂ ಸೊರಗು ರೋಗವೆಂದು ಶಂಕಿಸಬಹುದು. ಕತ್ತರಿಸಿದ ಕಾಂಡವನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟಾಗ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಬೇರಿನಲ್ಲಿ ಗಂಟುಗಳಿದ್ದರೆ ಬೇರುಗಂಟು ಜಂತುಹುಳುವಿನ ಕೆಲಸ. ಅದು ಮಾಡಿದ ಗಾಯದ ಮೂಲಕ ಉಳಿದ ರೋಗಾಣುಗಳು ಸುಲಭವಾಗಿ ಒಳನುಗ್ಗುತ್ತವೆ.

ಅಂಗಡಿಗೆ ಬಂದ ರೈತನ ಕೈಯಲ್ಲಿ ಬೇರುಸಹಿತ ಕಿತ್ತ ಗಿಡವಿದೆಯೇ ಎಂದು ಮೊದಲು ಕೇಳುವ ವ್ಯಾಪಾರಿ ವಿರಳ. ಎಲೆಯೊಂದನ್ನು ನೋಡಿ ಔಷಧಿ ಕೊಡುವುದೇ ಹೆಚ್ಚು. ಈ ಭೇದ ತಿಳಿಯದೆ ಕೊಟ್ಟ ಔಷಧಿ ವ್ಯರ್ಥವಾಗುತ್ತದೆ ಮಾತ್ರವಲ್ಲ, ಹಿಂಡಿ-ಗೊಬ್ಬರವೂ ವ್ಯರ್ಥವಾಗಬಹುದು. ಜಂತುಹುಳು ಮತ್ತು ಶಿಲೀಂಧ್ರಗಳ ಮೇಲೆ ಬೇವಿನ ಹಿಂಡಿಯ ಪ್ರಭಾವ ಚೆನ್ನಾಗಿ ತಿಳಿದ ವಿಷಯ. ದುಂಡಾಣು ಸೊರಗು ರೋಗ ಬೇರೂರಿದ ಹೊಲದಲ್ಲಿ ಕೇವಲ ಹಿಂಡಿಯನ್ನು ನಂಬುವಂತಿಲ್ಲ. ಅಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿಗಳನ್ನು ಕೆಲವು ವರ್ಷ ಬಿಟ್ಟು ರಾಗಿ, ಜೋಳದಂಥ ಬೆಳೆಗೆ ತಿರುಗುವುದೇ ದಾರಿ.

ಕೊಳ್ಳೇಗಾಲಕ್ಕೆ ವಿಶೇಷವಾದ ಇನ್ನೊಂದು ಸಂಗತಿಯುಂಟು. ಇದು ರೇಷ್ಮೆಯ ನಾಡು. 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ತಾಲೂಕಿನಲ್ಲಿ ಹಿಪ್ಪುನೇರಳೆ ಬೇಸಾಯ ಹಳೆಯದು. ಹಿಪ್ಪುನೇರಳೆಯ ಬೇರಿಗೆ ಗಂಟು ಕಟ್ಟಿಸುವ ಮೆಲಾಯ್ಡೊಗೈನ್ ಇನ್‌ಕಾಗ್ನಿಟಾ ಎಂಬ ಜಂತುಹುಳುವೇ ಮೆಣಸಿನ ಗಿಡವನ್ನೂ ಬಾಧಿಸುತ್ತದೆ. ಗೂಡಿನ ಬೆಲೆ ಕುಸಿದ ವರ್ಷ ಸೊಪ್ಪಿನ ತೋಟವನ್ನು ಕಿತ್ತು ತರಕಾರಿ ಹಾಕುವುದುಂಟು. ಹಾಗೆ ಕಿತ್ತ ನೆಲದಲ್ಲಿ ಮೊದಲ ಬೆಳೆಯಾಗಿ ಮೆಣಸಿನಕಾಯಿ ಇಟ್ಟರೆ ಹಳೆಯ ತೋಟದ ಜಂತುಹುಳುವಿಗೆ ಹೊಸ ಊಟ ಬಡಿಸಿದಂತೆಯೇ ಸರಿ.

ಸಾವಯವ ವಸ್ತು ಮಾಡುವ ಕೆಲಸ

ರಾಸಾಯನಿಕ ಔಷಧಿಯನ್ನು ಬುಡಕ್ಕೆ ಸುರಿದಾಗ ಅದು ತಾಕಿದಷ್ಟು ಮಣ್ಣಿನಲ್ಲಿ, ಉಳಿದಷ್ಟು ದಿನ ಮಾತ್ರ ಕೆಲಸ ಮಾಡುತ್ತದೆ. ಫೈಟಾಫ್ತೊರದ ದಪ್ಪಗೋಡೆಯ ಬೀಜಕಣಗಳೂ ಸ್ಕ್ಲೆರೋಶಿಯಂನ ಉಂಡೆಗಳೂ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಸಾವಯವ ವಸ್ತುವಿನ ಮಾರ್ಗ ಬೇರೆ. ಬೇವಿನ ಹಿಂಡಿ ಕೊಳೆಯುವಾಗ ಹೊರಬರುವ ಅಮೋನಿಯಾ ಮತ್ತು ಅದರಲ್ಲಿನ ಕಹಿ ಅಂಶಗಳು ಜಂತುಹುಳು ಹಾಗೂ ರೋಗಾಣುಗಳನ್ನು ಕುಗ್ಗಿಸುತ್ತವೆ. ಅದಕ್ಕಿಂತ ಮುಖ್ಯವಾಗಿ ಮಣ್ಣಿನಲ್ಲಿ ಉಪಕಾರಿ ಸೂಕ್ಷ್ಮಜೀವಿಗಳ ಸಂತತಿ ಬೆಳೆದು, ರೋಗಾಣುವಿಗೆ ಆಹಾರವೂ ಜಾಗವೂ ದೊರೆಯದಂತಾಗುತ್ತದೆ.

ಇದು ಹೊಸ ಕಲ್ಪನೆಯಲ್ಲ. ಟ್ರೈಕೊಡರ್ಮಾ ಎಂಬ ಹಸಿರು ಬೂಸ್ಟು ರೈಜೋಕ್ಟೋನಿಯಾವನ್ನು ಸುತ್ತಿಕೊಂಡು ತಿನ್ನುವುದನ್ನು ವೀಂಡ್ಲಿಂಗ್ ಎಂಬ ವಿಜ್ಞಾನಿ 1932ರಷ್ಟು ಹಿಂದೆಯೇ ವರದಿ ಮಾಡಿದ್ದನು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಆಶ್‌ಬರ್ನರ್ ಎಂಬ ಬೆಣ್ಣೆಹಣ್ಣಿನ ಬೆಳೆಗಾರನ ತೋಟವು, ಸುತ್ತಮುತ್ತಲ ತೋಟಗಳನ್ನು ಬೇರು ಕೊಳೆ ರೋಗ ಬಾಧಿಸುತ್ತಿದ್ದಾಗಲೂ, ಹಸಿರೆಲೆ ಮತ್ತು ಕೋಳಿ ಗೊಬ್ಬರಗಳನ್ನು ಎಡೆಬಿಡದೆ ಸೇರಿಸಿದ ಮಣ್ಣಿನಿಂದಾಗಿ ಆರೋಗ್ಯವಾಗಿ ನಿಂತುದನ್ನು 1970ರ ದಶಕದಲ್ಲಿ ವಿಜ್ಞಾನಿಗಳು ಅಭ್ಯಸಿಸಿದರು. ಅದೇ ದಶಕದಲ್ಲಿ ಅಮೆರಿಕದ ಒಹಾಯೊದಲ್ಲಿ ಹೋಯ್ಟಿಂಕ್ ಅವರು ಮರದ ತೊಗಟೆಯ ಕಾಂಪೋಸ್ಟ್ ಬಳಸಿ ನರ್ಸರಿ ಗಿಡಗಳ ಬೇರು ಕೊಳೆಯನ್ನು ಹತೋಟಿಗೆ ತಂದರು. ಅಲ್ಲಿನ ನರ್ಸರಿ ಉದ್ಯಮ ಅದನ್ನು ವಾಣಿಜ್ಯ ಪ್ರಮಾಣದಲ್ಲಿ ಅಳವಡಿಸಿಕೊಂಡಿತು.

ಬೇವಿನ ಶಿಲೀಂಧ್ರನಾಶಕ ಗುಣದ ಮೇಲೆಯೇ ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯು.ಆರ್. ಗ್ರೇಸ್ ಕಂಪನಿಗೂ ಹಕ್ಕುಪತ್ರ ನೀಡಿದ್ದುದು ವರ್ತಕ ಬಂಧುಗಳಿಗೆ ನೆನಪಿರಬಹುದು. ಇದು ಭಾರತದಲ್ಲಿ ಮೊದಲೇ ಬಳಕೆಯಲ್ಲಿದ್ದ ಜ್ಞಾನವೆಂದು ವಾದಿಸಿದ ಮೇಲೆ 2000ದ ಮೇ ತಿಂಗಳಲ್ಲಿ ಅದು ರದ್ದಾಯಿತು. 2005ರ ಮಾರ್ಚ್‌ನಲ್ಲಿ ಮೇಲ್ಮನವಿಯೂ ವಜಾ ಆಯಿತು.

ಅರೆಬೆಂದ ಗೊಬ್ಬರದ ಅಪಾಯ

ಇಲ್ಲಿಯೇ ಎಚ್ಚರಿಕೆಯ ಮಾತು ಹೇಳಬೇಕಾಗಿದೆ. 'ಸಾವಯವ' ಎಂದ ಮಾತ್ರಕ್ಕೆ ಯಾವ ವಸ್ತುವೂ ರೋಗವನ್ನು ತಡೆಯುವುದಿಲ್ಲ. ಸ್ಕ್ಲೆರೋಶಿಯಂ ಮತ್ತು ಪಿಥಿಯಂಗಳು ಅರೆಬೆಂದ ಕಸಕಡ್ಡಿಯ ಮೇಲೆಯೇ ಕೊಬ್ಬಿ, ಅಲ್ಲಿಂದ ಗಿಡದ ಬುಡಕ್ಕೆ ದಾಟುತ್ತವೆ. ತಿಪ್ಪೆಯಿಂದ ನೇರವಾಗಿ ತಂದ ಹಸಿ ಗೊಬ್ಬರ, ಉತ್ತು ಹಾಕಿದ ಮೂರೇ ದಿನಕ್ಕೆ ಸಸಿ ನೆಟ್ಟ ಹಸಿರೆಲೆ ಗೊಬ್ಬರದ ಹೊಲ, ಬಿಸಿ ಆರದ ಪ್ರೆಸ್‌ಮಡ್ ಇವೆಲ್ಲವೂ ರೋಗವನ್ನು ಹೆಚ್ಚಿಸಬಲ್ಲವು. ಬೇವು ಮತ್ತು ಹೊಂಗೆಯ ಹಿಂಡಿಗಳನ್ನೂ ನಾಟಿಯ ದಿನವೇ ಬೇರಿಗೆ ತಾಗುವಂತೆ ಹಾಕಿದರೆ ಎಳೆಯ ಬೇರು ಸುಡುತ್ತದೆ. ನಾಟಿಗೆ 15ರಿಂದ 20 ದಿನ ಮೊದಲು ಮಣ್ಣಿಗೆ ಸೇರಿಸಿ ತೇವ ಕೊಟ್ಟಿರಬೇಕು.

ಕಾಂಪೋಸ್ಟ್ ಗುಡ್ಡೆಯ ಒಳಭಾಗ ಕೆಲವು ದಿನಗಳ ಕಾಲ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯ್ದು, ಹೊರಭಾಗ ಒಳಗೆ ಬರುವಂತೆ ಮಗುಚಿ, ಮತ್ತೆ ತಣ್ಣಗಾದ ಮೇಲೆಯೇ ಅದು ಮಾರಾಟಯೋಗ್ಯ. ಮೂಗಿಗೆ ಅಮೋನಿಯಾದ ಘಾಟು ಬಡಿಯುವ ಗೊಬ್ಬರವನ್ನು ಚೀಲಕ್ಕೆ ತುಂಬಿ ಮಾರುವವರು ರೋಗವನ್ನೇ ಮಾರಿದಂತೆ. ಹಂಗಾಮಿನ ಬೇಡಿಕೆ ಜೋರಾದಾಗ ಈ ತಾಳ್ಮೆ ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ.

ಎಕರೆಯ ಲೆಕ್ಕ

ಸಾಲಿನಿಂದ ಸಾಲಿಗೆ 75 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಅಂತರದಲ್ಲಿ ಎಕರೆಗೆ ಸುಮಾರು 12,000 ಮೆಣಸಿನ ಗಿಡಗಳು ಹಿಡಿಯುತ್ತವೆ. ವಾಡಿಕೆಯಂತೆ ಎಕರೆಗೆ 100 ಕಿಲೋ ಬೇವಿನ ಹಿಂಡಿ ಹಾಕಿದರೆ ಗಿಡವೊಂದರ ಪಾಲಿಗೆ ಬರುವುದು 8 ಗ್ರಾಂ ಮಾತ್ರ. ಇಷ್ಟನ್ನು ಹೊಲದ ತುಂಬ ಎರಚಿದರೆ ಬೇರಿನ ಸಮೀಪ ಏನೂ ಉಳಿಯದು. ಆದ್ದರಿಂದ ನಾಟಿ ಮಾಡುವ ಸಾಲಿನಲ್ಲಿ, ಏರುಮಡಿಯ ನೆತ್ತಿಯಲ್ಲಿ, ಮೇಲಿನ ಒಂದು ಗೇಣು ಮಣ್ಣಿನಲ್ಲಿ ಅದನ್ನು ಬೆರೆಸಬೇಕು. ಹಿಂಡಿಯಿಂದ ಫಲ ಕಾಣಲಿಲ್ಲ ಎಂದು ದೂರುವವರಲ್ಲಿ ಎಷ್ಟೋ ಮಂದಿ ಎರಚಿದವರೇ ಆಗಿರುತ್ತಾರೆ.

ಕೊಟ್ಟಿಗೆ ಗೊಬ್ಬರದ ಶಿಫಾರಸು ಹೆಕ್ಟೇರಿಗೆ 25 ಟನ್, ಅಂದರೆ ಎಕರೆಗೆ 10 ಟನ್. ದನಗಳು ಕಡಿಮೆಯಾದ ಮನೆಗಳಲ್ಲಿ ಇದು ಕಾಗದದ ಮೇಲಿನ ಅಂಕಿ. ನೀರಾವರಿ ಹಿಪ್ಪುನೇರಳೆಗೂ ವರ್ಷಕ್ಕೆ ಹೆಕ್ಟೇರಿಗೆ 20 ಟನ್ ಶಿಫಾರಸು ಇರುವುದರಿಂದ ಇದ್ದ ಗೊಬ್ಬರವನ್ನು ಸೊಪ್ಪಿನ ತೋಟವೇ ನುಂಗುತ್ತದೆ. ಕೊಂಡು ತರುವ ಸಾವಯವ ವಸ್ತುವಿಗೆ ಮಾರುಕಟ್ಟೆ ಹುಟ್ಟುವುದು ಈ ಕೊರತೆಯಿಂದಲೇ.

ಅತ್ಯಂತ ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ ಕೊಡುವ ಸ್ಥಳ ಹೊಲವಲ್ಲ, ನರ್ಸರಿ. 98 ಕುಳಿಯ ಪ್ರೊಟ್ರೇಗಳಲ್ಲಿ ಒಂದು ಎಕರೆಗೆ ಬೇಕಾದ ಸಸಿಗಳಿಗೆ 123 ಟ್ರೇ ಸಾಕು. ಟ್ರೇ ಒಂದಕ್ಕೆ 1.2 ಕಿಲೋದಂತೆ ಸುಮಾರು 150 ಕಿಲೋ ಕೊಳೆಸಿದ ತೆಂಗಿನ ನಾರಿನ ಪುಡಿ ಬೇಕಾಗುತ್ತದೆ. ಈ 150 ಕಿಲೋ ಮಾಧ್ಯಮಕ್ಕೆ ಸ್ವಲ್ಪ ಬೇವಿನ ಹಿಂಡಿಯನ್ನೂ ಟ್ರೈಕೊಡರ್ಮಾವನ್ನೂ ಮೊದಲೇ ಬೆರೆಸಿ ಮಾಗಿಸಿದರೆ ಪ್ರತಿ ಸಸಿಯೂ ಬೇರಿನ ಸುತ್ತ ಕಾವಲು ಕಟ್ಟಿಕೊಂಡೇ ಹೊಲಕ್ಕೆ ಹೋಗುತ್ತದೆ. ಹೊಲದಲ್ಲಿ ಇದೇ ಪರಿಣಾಮ ಪಡೆಯಲು ಹತ್ತಾರು ಪಟ್ಟು ಮಾಲು ಬೇಕು. ರೈತನು ಸಸಿಗೆ ಕೆಲವು ಪೈಸೆ ಹೆಚ್ಚು ಕೊಡಲು ಹಿಂಜರಿಯಬಹುದು. ಆದರೆ ನಾಟಿಯಾದ ತಿಂಗಳೊಳಗೆ ಗಿಡ ಬೀಳದಿದ್ದರೆ ಮರುವರ್ಷ ಅದೇ ನರ್ಸರಿಗೆ ಬರುತ್ತಾನೆ.

ಸ್ಥಳೀಯ ಕಚ್ಚಾಮಾಲು

ಬೇವು ಮತ್ತು ಹೊಂಗೆ ಈ ಒಣಸೀಮೆಯ ಬದುಗಳಲ್ಲಿ, ರಸ್ತೆಬದಿಯಲ್ಲಿ, ಊರ ಗುಂಡುತೋಪುಗಳಲ್ಲಿ ಸಾಮಾನ್ಯ. ಬೇವಿನ ಹಣ್ಣು ಜೂನ್‌ನಿಂದ ಆಗಸ್ಟ್‌ವರೆಗೆ ಉದುರುತ್ತದೆ. ತಿರುಳು ತೊಳೆದು ನೆರಳಿನಲ್ಲಿ ಒಣಗಿಸದಿದ್ದರೆ ಬೀಜಕ್ಕೆ ಬೂಸ್ಟು ಹಿಡಿದು ಎಣ್ಣೆಯೂ ಹಿಂಡಿಯೂ ಕೆಡುತ್ತವೆ. 2015ರಲ್ಲಿ ದೇಶೀಯ ಯೂರಿಯಾಕ್ಕೆ ಬೇವಿನ ಲೇಪ ಕಡ್ಡಾಯವಾದ ಮೇಲೆ ಬೇವಿನ ಎಣ್ಣೆಗೆ ಬೇಡಿಕೆ ಏರಿತು. ಎಣ್ಣೆ ತೆಗೆದಷ್ಟೂ ಹಿಂಡಿ ಉಳಿಯುವುದರಿಂದ ಗಾಣದವರಿಗೆ ಇದು ಎರಡು ಕಡೆಯ ಆದಾಯ.

ಆದರೆ ಹಿಂಡಿ ಹಿಂಡಿಗೂ ವ್ಯತ್ಯಾಸವಿದೆ. ಯಂತ್ರದಲ್ಲಿ ಒತ್ತಿ ತೆಗೆದ ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿದು ಕಹಿ ಗುಣ ಗಟ್ಟಿಯಾಗಿರುತ್ತದೆ. ದ್ರಾವಕದಿಂದ ಎಣ್ಣೆಯನ್ನು ಪೂರ್ತಿ ಸೆಳೆದ ಹಿಂಡಿಯಲ್ಲಿ ಸಾರಜನಕ ಉಳಿದರೂ ರೋಗ ತಡೆಯುವ ಸತ್ವ ಕುಂದಿರುತ್ತದೆ. ಉತ್ತಮ ಬೇವಿನ ಹಿಂಡಿಯಲ್ಲಿ ಸುಮಾರು ಶೇ. 5, ಹೊಂಗೆ ಹಿಂಡಿಯಲ್ಲಿ ಸುಮಾರು ಶೇ. 4ರಷ್ಟು ಸಾರಜನಕವಿರುತ್ತದೆ. ಹೊಟ್ಟು, ಮರಳು, ಬೇರೆ ಹಿಂಡಿಗಳ ಕಲಬೆರಕೆ ಈ ವ್ಯಾಪಾರದ ಹಳೆಯ ಪಿಡುಗು. ಒಂದು ಹಿಡಿಯನ್ನು ನೀರಿನಲ್ಲಿ ಕದಡಿದರೆ ಮರಳು ತಳಕ್ಕೆ ಇಳಿದು ಬಯಲಾಗುತ್ತದೆ. ಉಳಿದುದಕ್ಕೆ ಪ್ರಯೋಗಾಲಯದ ವಿಶ್ಲೇಷಣೆಯೇ ಬೇಕು. ತಂಡವೊಂದಕ್ಕೆ ಒಂದು ವಿಶ್ಲೇಷಣಾ ಪತ್ರ ಜೊತೆಯಿಟ್ಟು ಮಾರುವ ಗಾಣದವರಿಗೆ ಹೊರ ಜಿಲ್ಲೆಗಳಿಂದಲೂ ಗಿರಾಕಿ ಬರುವರು.

ಇನ್ನು ರೇಷ್ಮೆಯ ತ್ಯಾಜ್ಯ. ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವಿನ ಕವಚದಲ್ಲಿ, ಸಾಕಣೆ ಮನೆಯ ಹಿಕ್ಕೆಯೊಂದಿಗೆ ಬೆರೆತ ಪೊರೆಗಳಲ್ಲಿ ಕೈಟಿನ್ ಎಂಬ ವಸ್ತುವಿದೆ. ಶಿಲೀಂಧ್ರದ ಕೋಶಭಿತ್ತಿಯಲ್ಲಿಯೂ ಜಂತುಹುಳುವಿನ ಮೊಟ್ಟೆಯ ಚಿಪ್ಪಿನಲ್ಲಿಯೂ ಇರುವುದು ಅದೇ. ಮಣ್ಣಿಗೆ ಕೈಟಿನ್ ಬಿದ್ದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚಿ, ರೋಗಕಾರಕಗಳ ಮೇಲೂ ಬೀಳುತ್ತವೆ. ಏಡಿ ಚಿಪ್ಪಿನಿಂದ ಇಂಥದೇ ಉತ್ಪನ್ನವೊಂದನ್ನು 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಜಂತುಹುಳುವಿನ ವಿರುದ್ಧ ಮಾರಾಟಕ್ಕೆ ತಂದಿದ್ದರು. ಹೆಕ್ಟೇರಿಗೆ ಟನ್‌ಗಟ್ಟಲೆ ಬೇಕಾಗುವುದೇ ಇಂಥ ವಸ್ತುಗಳ ದೊಡ್ಡ ತೊಡಕು. ಒಣಗಿದ ಪ್ಯೂಪಾದಲ್ಲಿ ಅರ್ಧದಷ್ಟು ಪ್ರೋಟೀನ್, ಕಾಲುಭಾಗದಷ್ಟು ಎಣ್ಣೆ ಇರುವುದರಿಂದ ಅದಕ್ಕೆ ಕೋಳಿ ಮತ್ತು ಮೀನಿನ ಮೇವಿನವರೇ ಹೆಚ್ಚಿನ ಬೆಲೆ ಕೊಡಬಲ್ಲರು. ಗೊಬ್ಬರಕ್ಕೆ ಹಾಕುವುದು ದುಂದು. ಹಿಕ್ಕೆ ಮತ್ತು ಸೊಪ್ಪಿನ ಕಡ್ಡಿಗಳು ಮಾತ್ರ ಕಾಂಪೋಸ್ಟ್‌ಗೆ ಹೇಳಿಮಾಡಿಸಿದವು. ಅವುಗಳಲ್ಲಿ ರೇಷ್ಮೆಹುಳುವಿನ ರೋಗಾಣುಗಳಿರಬಹುದಾದ್ದರಿಂದ ಚೆನ್ನಾಗಿ ಕಾಯಿಸಿ ಕೊಳೆಸದೆ ಯಾವ ತೋಟಕ್ಕೂ ಕೊಡಬಾರದು.

ಕುಂತೂರಿನ ಸಕ್ಕರೆ ಕಾರ್ಖಾನೆಯಂಥ ಘಟಕಗಳಿಂದ ಬರುವ ಪ್ರೆಸ್‌ಮಡ್ ಮತ್ತೊಂದು ಮೂಲ. ಅರೆದ ಕಬ್ಬಿನ ಶೇ. 3ರಿಂದ 4ರಷ್ಟು ಪ್ರೆಸ್‌ಮಡ್ ಉಳಿಯುತ್ತದೆ. ಲಕ್ಷ ಟನ್ ಕಬ್ಬಿಗೆ ಮೂರು-ನಾಲ್ಕು ಸಾವಿರ ಟನ್ ಎಂದಾಯಿತು. ಸಾಗಣೆ ವೆಚ್ಚವೇ ಇದರ ಬೆಲೆಯನ್ನು ನಿರ್ಧರಿಸುವುದರಿಂದ ಮಹದೇಶ್ವರ ಬೆಟ್ಟದ ದಿಕ್ಕಿನ ಹಳ್ಳಿಗಳಿಗಿಂತ ಕೊಳ್ಳೇಗಾಲ-ಯಳಂದೂರು ಬಯಲಿಗೆ ಇದು ಹೆಚ್ಚು ಹೊಂದುತ್ತದೆ.

ಜೀವಂತ ಸರಕಿನ ವ್ಯಾಪಾರ

ಒಂದು ಕಿಲೋ ಟ್ರೈಕೊಡರ್ಮಾ ಪುಡಿಯನ್ನು 100 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಬೇವಿನ ಹಿಂಡಿಗೆ ಬೆರೆಸಿ, ನೆರಳಿನಲ್ಲಿ ತೇವವಾಗಿ 15 ದಿನ ಮುಚ್ಚಿಟ್ಟು, ನಡುವೆ ಮಗುಚಿ, ನಂತರ ಹೊಲಕ್ಕೆ ಹಾಕುವುದು ಎಲ್ಲೆಡೆ ಶಿಫಾರಸಾಗಿರುವ ಕ್ರಮ. ಅಧಿಕೃತ ಮಾನದಂಡದಂತೆ ಪುಡಿಯ ಗ್ರಾಂ ಒಂದಕ್ಕೆ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕು. ನೂರು ಕಿಲೋಗೆ ಹರಡಿದಾಗ ಅದು ಗ್ರಾಂಗೆ 20 ಸಾವಿರಕ್ಕೆ ಇಳಿಯುತ್ತದೆ. ಮತ್ತೆ ವೃದ್ಧಿಯಾಗಲೆಂದೇ ಆ 15 ದಿನ. ತಗಡಿನ ಛಾವಣಿಯ ಅಂಗಡಿಯಲ್ಲಿ ಏಪ್ರಿಲ್-ಮೇ ಕಳೆದ ಪೊಟ್ಟಣದಲ್ಲಿ ಜೀವವೇ ಉಳಿದಿರದಿದ್ದರೆ ರೈತನು ಮನೆಗೆ ಒಯ್ಯುವುದು ಬರಿಯ ಸುಣ್ಣಕಲ್ಲಿನ ಪುಡಿಯಂಥ ವಸ್ತು. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕವನ್ನೂ ಟ್ರೈಕೊಡರ್ಮಾವನ್ನೂ ಒಂದೇ ಚೀಟಿಯಲ್ಲಿ ಬರೆದುಕೊಡುವುದು ಎರಡನ್ನೂ ಮಾರುವವನಿಗೆ ಲಾಭ, ಕೊಳ್ಳುವವನಿಗೆ ನಷ್ಟ. ಮೊದಲನೆಯದು ಎರಡನೆಯದನ್ನು ಕೊಲ್ಲುತ್ತದೆ.

ಕಾನೂನಿನ ಗೆರೆಯನ್ನೂ ಸಣ್ಣ ತಯಾರಕರು ತಿಳಿದಿರಬೇಕು. ಎರೆಗೊಬ್ಬರ ಮುಂತಾದ ಸಾವಯವ ಗೊಬ್ಬರಗಳೂ ಜೈವಿಕ ಗೊಬ್ಬರಗಳೂ 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶ 1985ರ ವ್ಯಾಪ್ತಿಗೆ ಬಂದಿವೆ. ಬೆಳವಣಿಗೆ ಪ್ರಚೋದಕಗಳು 2021ರಲ್ಲಿ ಸೇರಿದವು. ಆದರೆ ಚೀಲದ ಮೇಲೆ 'ಸೊರಗು ರೋಗ ನಿವಾರಕ' ಎಂದು ಅಚ್ಚು ಹಾಕಿಸಿದ ಕ್ಷಣದಿಂದ ಸರಕು ಕೀಟನಾಶಕ ಕಾಯ್ದೆ 1968ರ ಪರಿಶೀಲನೆಗೆ ಗುರಿಯಾಗುತ್ತದೆ. ಅದಕ್ಕೆ ಕೇಂದ್ರದ ನೋಂದಣಿ ಬೇಕು. ಟ್ರೈಕೊಡರ್ಮಾ, ಸ್ಯೂಡೊಮೊನಾಸ್‌ಗಳೂ ಇದೇ ಕಾಯ್ದೆಗೆ ಒಳಪಟ್ಟವು. ಗೊಬ್ಬರವನ್ನು ಗೊಬ್ಬರವೆಂದೂ ನೋಂದಾಯಿತ ಜೈವಿಕ ಪುಡಿಯನ್ನು ಪ್ರತ್ಯೇಕ ಪೊಟ್ಟಣದಲ್ಲಿಯೂ ಮಾರಿ, ಬೆರೆಸುವ ಕೆಲಸವನ್ನು ರೈತನ ಮನೆಯಲ್ಲಿ ಕಲಿಸಿಕೊಡುವುದು ಸಣ್ಣ ಘಟಕಕ್ಕೆ ಸುರಕ್ಷಿತ ಮಾರ್ಗ. 2025ರ ಸೆಪ್ಟೆಂಬರ್ 22ರಿಂದ ಟ್ರೈಕೊಡರ್ಮಾ ಸೇರಿದಂತೆ ಪಟ್ಟಿಯಲ್ಲಿರುವ ಜೈವಿಕ ಕೀಟನಾಶಕಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದು ಸ್ವಾಗತಾರ್ಹ.

ತಂತ್ರಜ್ಞಾನಕ್ಕಾಗಿ ದೂರ ಹೋಗಬೇಕಾಗಿಲ್ಲ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಹರದನಹಳ್ಳಿಯಲ್ಲಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಟ್ರೈಕೊಡರ್ಮಾ ಮೊದಲಾದ ಉಪಕಾರಿ ಜೀವಿಗಳ ತಯಾರಿಕಾ ವಿಧಾನಗಳನ್ನು ಪರವಾನಗಿಯ ಮೇಲೆ ಉದ್ಯಮಿಗಳಿಗೆ ವರ್ಗಾಯಿಸುತ್ತಾ ಬಂದಿದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯು ಹಿಪ್ಪುನೇರಳೆಯ ಬೇರು ರೋಗಗಳಿಗೆ 'ರಕ್ಷಾ', 'ನೆಮಾಹರಿ' ಎಂಬ ಉತ್ಪನ್ನಗಳನ್ನು ರೂಪಿಸಿದೆ. ಸೊಪ್ಪಿನ ತೋಟಕ್ಕೆ ಬೇವಿನ ಹಿಂಡಿ ಹಾಕುವ ರೂಢಿ ಇರುವ ಊರುಗಳಲ್ಲಿ ಮೆಣಸಿನಕಾಯಿಗೂ ಅದನ್ನು ಒಪ್ಪಿಸುವುದು ಕಷ್ಟವಾಗದು.

ಮುಂದಿನ ಹಂಗಾಮಿಗೆ ಸಿದ್ಧರಾಗುವವರು ಕಾಲದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಜನವರಿ-ಫೆಬ್ರವರಿಯ ಬೇಸಿಗೆ ನಾಟಿಗೆ ಹಿಂಡಿ ಡಿಸೆಂಬರ್‌ನಲ್ಲಿಯೇ ಮಣ್ಣು ಸೇರಬೇಕು. ಟ್ರೈಕೊಡರ್ಮಾ ಬೆರೆಸಿದ ಗೊಬ್ಬರದ ಗುಡ್ಡೆ ಅದಕ್ಕೂ 15 ದಿನ ಮೊದಲು ಏಳಬೇಕು. ಕಾಂಪೋಸ್ಟ್ ಮಾಗಲು ಮೂರು ತಿಂಗಳು ಹಿಡಿಯುವುದರಿಂದ ಅದರ ಕಚ್ಚಾಮಾಲು ಆಗಸ್ಟ್ ಕೊನೆಗೇ ಅಂಗಳದಲ್ಲಿರಬೇಕು. ಬೇವಿನ ಬೀಜದ ಖರೀದಿ ಮುಗಿಯುವುದೂ ಅದೇ ಆಗಸ್ಟ್‌ನಲ್ಲಿ.